ಕುಣಿಮಗ್ಗ

ಹಾರ್ನ್ಸ್‌ಬಿಯ ಆಸ್ಪತ್ರೆಯಲ್ಲಿ, ಮುಂಬಾಗಿಲ ಮೇಜಿನ ಹಿಂದೆ
ನನಗೆ ಮೂರು ಕೆಲಸ: ಫೋನು ಎತ್ತುವುದು, ವಾರ್ಡಿಗೆ ದಾರಿ ಹೇಳುವುದು,
ಮಳೆ ಬಂದು ಹೋದ ಬೇಸಿಗೆಯ ಬೆಳಗುಗಳಲ್ಲಿ
ಜನ ತರುವ ಜೇಡಗಳನ್ನು ಇಸಿದುಕೊಳ್ಳುವುದು.

ಜಾಮಿನ ಬಾಟಲಿ, ಉಪ್ಪಿನಕಾಯಿ ಬಾಟಲಿ,
ಒಮ್ಮೆ ಕಟ್ಟುಹಲ್ಲಿನ ಡಬ್ಬಿ.
‘ಇದು ಅದೇನಾ?’ ಅನ್ನುತ್ತಾರೆ. ಹೆಸರೆತ್ತುವುದಿಲ್ಲ,
ರಾತ್ರಿ ಹೊತ್ತು ನಾವು ಹಾವಿಗೆ ಹುಳ ಅನ್ನುವ ಹಾಗೆ.

ಹತ್ತರಲ್ಲಿ ಎಂಟು ಅದಲ್ಲ.
ಕಂದು ಬಣ್ಣ, ಬೆನ್ನ ಮೇಲೆ ಬೂದಿಯಂಥ ರೋಮ: ಪಾಪದ್ದು.
ತಲೆ ಕೆಂಪಗಿದ್ದರೆ ಇನ್ನೊಂದು ಜಾತಿ, ಅಷ್ಟು ಪಾಪದ್ದಲ್ಲ.
ಆದರೆ ಈಗಷ್ಟೇ ಪಾಲಿಶ್ ಹಾಕಿದ ಬೂಟಿನಂಥ ಕರೀ ಎದೆಗೂಡು,
ಹಿಂದೆ ಬೆರಳಿನಂತೆ ಚಾಚಿದ ಜೋಡಿ ನೂಲುನಳಿಗೆ,
ಎರಡನೇ ಕಾಲಿನಲ್ಲೊಂದು ಮುಳ್ಳು,
ಬಾಟಲಿ ಎತ್ತಿದರೆ ಓಡದೆ ಮುಂಗಾಲೆತ್ತಿ ನಿಂತು
ಕೋರೆಯ ತುದಿಗೆ ಒಂದು ಹನಿ—
ಆಗ ನಾನು ಮುಚ್ಚಳವನ್ನು ಇನ್ನೊಂದು ಸುತ್ತು ತಿರುಗಿಸುತ್ತೇನೆ.

ನುಣುಪು ಗಾಜನ್ನು ಹತ್ತಲಾರ. ಅದೊಂದು ಸಮಾಧಾನ.

ಲಾಳಿಕೆ ಜೇಡ ಅಂತ ನಾನೇ ಕನ್ನಡ ಮಾಡಿಕೊಂಡಿದ್ದೆ.
ಲಾಳಿಕೆಯೆಂದರೆ ನನಗೆ ಸೀಮೆಎಣ್ಣೆಯ ವಾಸನೆ, ರೇಷನ್ನಿನ ಸಾಲು.
ಅದರೊಳಗೊಂದು ಲಾಳಿಯಿದೆ ಎಂದು ಹೊಳೆದದ್ದು
ಬೆರೌರಾದ ಮಿಸೆಸ್ ಪಾಸ್ಕೊ ತನ್ನ ಹಿತ್ತಿಲಲ್ಲಿ ಬಿಲ ತೋರಿಸಿದಾಗ.
ಬಂಡೆಯ ಬುಡಕ್ಕೆ ತೇವದ ತೂತು, ತುಟಿಗೆ ಬಿಳಿ ರೇಷ್ಮೆ,
ಅಲ್ಲಿಂದ ಅಂಗಳಕ್ಕೆ ಎಳೆಎಳೆಯಾಗಿ ಬಿಗಿದ ಹಾಸು.

ಗುಳೇದಗುಡ್ಡದಲ್ಲಿ ಅಜ್ಜ ಹೀಗೇ ಕೂರುತ್ತಿದ್ದ,
ಸೊಂಟದವರೆಗೆ ನೆಲದೊಳಗೆ, ಕಾಲು ಕುಣಿಯಲ್ಲಿ.
ಎಳೆ ಕಡಿದರೆ ನೋಡದೆಯೇ ತಿಳಿಯುತ್ತಿತ್ತು.
ಇಲ್ಲೂ ಒಬ್ಬಳು ಕೂತಿದ್ದಾಳೆ
ಬರೀ ಹಾಸು ಹೂಡಿಕೊಂಡು.
ಒಳಗೆ ಹೊಕ್ಕದ್ದೇ ಅವಳಿಗೆ ಹೊಕ್ಕು.

ಅವಳು ಬಿಲ ಬಿಟ್ಟು ಬರುವವಳಲ್ಲ. ಬರುವವನು ಗಂಡು.
ಹೆಣ್ಣು ಹುಡುಕಿ ರಾತ್ರಿಯೆಲ್ಲ ಅಲೆದು
ಬೆಳಕು ಹರಿದಾಗ ಸಿಕ್ಕಿದ ಕತ್ತಲಿಗೆ ನುಗ್ಗುತ್ತಾನೆ:
ಬೂಟು, ನೆಲಕ್ಕೆ ಬಿದ್ದ ಟವೆಲು.
ಈಜುಕೊಳದ ತಳದಲ್ಲಿ ಇಡೀ ದಿನ ಸತ್ತಂತೆ ಬಿದ್ದಿರುತ್ತಾನೆ,
ಸತ್ತಿರುವುದಿಲ್ಲ.
ವಿಷವೂ ಅವನದೇ ಜೋರು.

ಕಳೆದ ಮಾರ್ಚಿನಲ್ಲಿ ತೋಟದ ಕೆಲಸದ ವಿಲಿಯಾಮಿ ಬಂದ.
ಬೆರಳಿಂದ ಕಂಕುಳವರೆಗೆ ಬಿಗಿಯಾಗಿ ಪಟ್ಟಿ,
ಕೈ ಅಲುಗದಂತೆ ಕ್ರಿಕೆಟ್ ಸ್ಟಂಪೊಂದನ್ನು ಸೇರಿಸಿ ಸುತ್ತಿದ್ದಳು ಹೆಂಡತಿ.
‘ತುಟಿ ಜುಮ್ಮೆನ್ನುತ್ತಿದೆ’ ಎಂದ. ನಗಲು ನೋಡಿದ.
ಬೆವರು, ಜೊಲ್ಲು, ಕಣ್ಣೀರು ಒಟ್ಟಿಗೇ;
‘ಅಳುತ್ತಿಲ್ಲ’ ಎಂದ ನನಗೆ, ಎರಡು ಸಲ.
ಬಾಗಿಲುಗಳು ತೆರೆದವು, ಮುಚ್ಚಿದವು.

ಮಗಳು ನನ್ನ ಬಳಿ ಉಳಿದಳು, ತೊಡೆಯ ಮೇಲೆ ಬಾಟಲಿ.
ಚೀಟಿಯಲ್ಲಿ ‘ಸಿಕ್ಕಿದ ಜಾಗ’ ಎಂದಿತ್ತು.
‘ಅಪ್ಪನ ಕೈಗವಸು’ ಎಂದು ಬರೆಸಿದಳು.
ಆಮೇಲೆ ಕೇಳಿದಳು: ‘ನಮ್ಮ ನಾಯಿಯನ್ನೂ ಕಚ್ಚಿದ್ದರೆ?’

ನಾಯಿಗೆ ಅಷ್ಟೇನೂ ಆಗದು. ಬೆಕ್ಕಿಗೂ, ಮೊಲಕ್ಕೂ.
ಕೋತಿಗೆ ಆಗುತ್ತದೆ. ನಮಗೆ ಆಗುತ್ತದೆ.
ಕೋತಿಯೇ ಇಲ್ಲದ ನಾಡಿನಲ್ಲಿ, ಯಾವ ಮನುಷ್ಯನ ಹೆಜ್ಜೆಗೂ ಮೊದಲು,
ಯಾವುದೋ ಹುಳಕ್ಕೆಂದು ಕಾಸಿದ ವಿಷ
ನಮ್ಮ ನರಕ್ಕೆ ಬೀಗದ ಕೈಯಂತೆ ಕೂತುಬಿಟ್ಟಿತು.
ಹಗೆಯಲ್ಲ. ಅಳತೆ ಸರಿಹೋಯಿತು, ಅಷ್ಟೆ.

ಮದ್ದು ಬರುವುದು ಮೊಲದ ರಕ್ತದಿಂದ ಎಂದಾಗ
ಅವಳು ಬಾಟಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.
‘ಮೊಲಕ್ಕೆ ಗೊತ್ತಾ?’

ಎರಡು ಶೀಶೆ ಹೋಯಿತು, ಮತ್ತೆರಡು.
ಮರುದಿನ ಸಂಜೆ ವಿಲಿಯಾಮಿ ತನ್ನ ಬೂಟು ಕೇಳಿದ.
ಬಾಟಲಿ ಉತ್ತರಕ್ಕೆ ಹೋಯಿತು, ಕೋರೆಯಿಂದ ವಿಷ ಹಿಂಡುವವರ ಬಳಿಗೆ,
ಮೊಲದ ಕಡೆಗೆ.

ಕುಣಿಗೆ ಇಳಿಯುವ ಮುನ್ನ ಅಜ್ಜ ಕೋಲು ಕುಟ್ಟುತ್ತಿದ್ದ,
ಚೇಳಿಗೆ ಕೇಳಲೆಂದು: ‘ಬಂದೆ ನೋಡಪಾ, ಸರಿ.’
ಬೆಳಗಿನ ಪಾಳಿಗೆ ಹೊರಡುವಾಗ ನಾನು
ಮೆಟ್ಟಿಲಿಗೆ ಷೂ ಬಡಿಯುತ್ತೇನೆ, ಎಡದ್ದು, ಬಲದ್ದು.
ಎದುರುಮನೆಯವರು ನೋಡುತ್ತಾರೆ,
ಈಕೆ ಯಾರೊಡನೆ ಮಾತಾಡುತ್ತಾಳೆಂದು.